ಒಂದು ದಾರ, ಎರಡು ಪುಸ್ತಕ

ಮಂಗಳವಾರ ಬೆಳಿಗ್ಗೆ ಕಾಫಿಯ ಬಟ್ಟಲನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಅರ್ಮೆಲ್ ಕೆರ್ಜಾನಳ ಕಣ್ಣು ಪತ್ರಿಕೆಯ ಮರಣವಾರ್ತೆಗಳ ಪುಟದಲ್ಲಿ ಒಂದು ಹೆಸರಿನ ಮೇಲೆ ನಿಂತಿತು. ಗ್ವೆನೋಲೆ ತಾಂಗಿ, ಎಂಬತ್ತು ವರ್ಷ, ಪ್ಲುವೆರೆನ್ ಊರಿನವರು, ಜೇನು ಸಾಕುತ್ತಿದ್ದವರು. ಭಾನುವಾರ ಪ್ರಭುವಿನಲ್ಲಿ ನಿದ್ರೆಹೋದರು. ಶುಕ್ರವಾರ ಹತ್ತು ಗಂಟೆಗೆ ಊರಿನ ದೇವಾಲಯದಲ್ಲಿ ಪೂಜೆ. ಅಷ್ಟೇ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವನು ಇಪ್ಪತ್ತೆರಡು ವರ್ಷ ಪುಸ್ತಕಗಳ ಉಗ್ರಾಣ ನೋಡಿಕೊಂಡಿದ್ದನೆಂಬ ಮಾತು ಎಲ್ಲಿಯೂ ಇರಲಿಲ್ಲ.

ಅರ್ಮೆಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎದ್ದಳು. ಅದೇ ಗ್ರಂಥಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಗುರುವಾರ ಸಂಜೆ ಅವಳು ನಿವೃತ್ತಳಾಗುವವಳಿದ್ದಳು. ಹೋಗುವ ಮುನ್ನ ಮಾಡಬೇಕಾದ ಕೆಲಸ ಒಂದು ಉಳಿದಿತ್ತು. ಅದನ್ನು ಅವಳು ವಾರದಿಂದ ಮುಂದೂಡುತ್ತಿದ್ದಳು.

ಅಲ್ಲಿ ಕಪಾಟಿನಿಂದ ಪುಸ್ತಕ ತೆಗೆದರೆ ಆ ಜಾಗದಲ್ಲಿ ಒಂದು ರಟ್ಟಿನ ಹಲಗೆ ನಿಲ್ಲಿಸುತ್ತಾರೆ. ಕೆಲಸದವರು ಅದನ್ನು ಭೂತ ಎನ್ನುತ್ತಾರೆ. ಪುಸ್ತಕ ಮರಳಿ ಬಂದ ದಿನ ಭೂತಕ್ಕೆ ಬಿಡುಗಡೆ. ಮೂರನೆಯ ಮಾಳಿಗೆಯಲ್ಲಿ ಒಂದು ಭೂತ ಮೂವತ್ತೆರಡು ವರ್ಷದಿಂದ ನಿಂತೇ ಇತ್ತು. ಅದು ಆ ಸೀಮೆಯ ಹಳೆಯ ಮಾತಾದ ಬ್ರೆಟನ್ ಭಾಷೆಯ ಭಕ್ತಿಗೀತೆಗಳ ಸಣ್ಣದೊಂದು ಪುಸ್ತಕದ್ದು. ಆ ಪುಸ್ತಕದ ಇನ್ನೊಂದು ಪ್ರತಿ ಲೋಕದಲ್ಲಿ ಇರಲಿಲ್ಲ. ಅದು ಕಾಣೆಯಾದಾಗ ಆ ಮಾಳಿಗೆಯ ಬೀಗದಕೈ ಇದ್ದದ್ದು ಗ್ವೆನೋಲೆಯ ಬಳಿ ಮಾತ್ರ. ಸಾಲದ್ದಕ್ಕೆ ಅವನು ಊರಿನ ದೇವಾಲಯದಲ್ಲಿ ಅಂಥ ಗೀತೆಗಳನ್ನು ಹಾಡುವವನು. ಯಾರೂ ಪೊಲೀಸರನ್ನು ಕರೆಯಲಿಲ್ಲ. ಬೀಗದಕೈ ಕಿತ್ತುಕೊಂಡು ಅವನನ್ನು ಮುರಿದ ಮೇಜು ಕುರ್ಚಿಗಳ ಗೋದಾಮಿಗೆ ಹಾಕಿದರು. ಒಂದು ವರ್ಷ ಸಹಿಸಿದ ಅವನು ಕೆಲಸ ಬಿಟ್ಟುಹೋದ.

ಅವನು ಕದ್ದನೆಂದು ಅರ್ಮೆಲ್ ಎಂದೂ ನಂಬಲಿಲ್ಲ. ಹಾಗೆಂದು ಗಟ್ಟಿಯಾಗಿ ಹೇಳಲೂ ಇಲ್ಲ. ಆಗ ಅವಳು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮುಂದೆ ಮೇಲಿನ ಹುದ್ದೆಗೆ ಬಂದಾಗ, ಪುಸ್ತಕಗಳ ಎಣಿಕೆ ನಡೆದಾಗಲೆಲ್ಲ ಆ ಸಂಖ್ಯೆಯನ್ನು ಪಟ್ಟಿಯಿಂದ ಹೊಡೆದುಹಾಕಲು ಅವಳು ಒಪ್ಪಲಿಲ್ಲ. ಅವಳ ಕೈಲಾದದ್ದು ಅಷ್ಟೇ.

ಆ ದಿನ ನಿರ್ದೇಶಕಿ ಮದಾಮ್ ವೆರ್ನಿಯೆ ಅವಳನ್ನು ಗ್ರಂಥಾಲಯದ ಬಾಗಿಲಲ್ಲೇ ಹಿಡಿದಳು.

"ನಿಮ್ಮ ಭೂತಾನ ಜೊತೇಲೇ ಮನೆಗೆ ಕರ್ಕೊಂಡು ಹೋಗ್ತೀರೋ, ನನ್ನ ತಲೆಗೆ ಕಟ್ಟಿ ಹೋಗ್ತೀರೋ ಅರ್ಮೆಲ್? ಗುರುವಾರದೊಳಗೆ 'ಕಳುವಾಗಿದೆ' ಅಂತ ಬರೆದು ಸಹಿ ಹಾಕಿಬಿಡಿ. ನಿಮ್ಮ ಜಾಗಕ್ಕೆ ಬರೋರಿಗೆ ಪಟ್ಟಿ ಚೊಕ್ಕಟವಾಗಿ ಕೊಡ್ಬೇಕು."

"ಗ್ವೆನೋಲೆ ತೀರ್ಕೊಂಡ, ಮದಾಮ್."

"ಯಾವ ಗ್ವೆನೋಲೆ?"

ಅರ್ಮೆಲ್ ತನ್ನ ಮೇಜಿಗೆ ನಡೆದಳು. ಕಳುವು ಎಂಬ ಆ ಪದಕ್ಕೆ ತಾನು ಸಹಿ ಹಾಕಿದರೆ ಅದು ಗ್ವೆನೋಲೆಯ ಮೇಲೆ ಗೋರಿಯ ಕಲ್ಲಿಗಿಂತ ಭಾರವಾಗಿ ಕೂರುತ್ತದೆಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಪ್ಲುವೆರೆನ್‌ನ ಫಾದರ್ ಗುಲ್ವೆನ್ ಬಂದರು. ಗ್ವೆನೋಲೆಯ ಪೂಜೆ ನಡೆಸುವವರು ಅವರೇ. ಯಜಮಾನ ಸತ್ತರೆ ಗೂಡಿಗೆ ಕಪ್ಪು ಬಟ್ಟೆ ಕಟ್ಟಿ ಜೇನುಗಳಿಗೆ ಸುದ್ದಿ ಹೇಳುವುದು ಆ ಕಡೆಯ ವಾಡಿಕೆ. ಹಿಂದಿನವರು ಯಾವ ಮಾತಿನಲ್ಲಿ ಹೇಳುತ್ತಿದ್ದರೆಂದು ನೋಡಿಕೊಂಡು ಶುಕ್ರವಾರದ ಪ್ರಬೋಧನೆಯಲ್ಲಿ ಸೇರಿಸಬೇಕೆಂದು ಅವರ ಆಸೆ. ಅರ್ಮೆಲ್ ಜೇನುಸಾಕಣೆಯ ಹಳೆಯ ಪುಸ್ತಕವೊಂದನ್ನು ತರಿಸಿಕೊಟ್ಟಳು. ಹೊಸ ಹೊದಿಕೆ ಹಾಕಿಸಿಕೊಂಡು ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಎರವಲು ಚೀಟಿಯಲ್ಲಿ ಒಂದು ಮುದ್ರೆಯೂ ಇರಲಿಲ್ಲ.

ಅರ್ಧ ಗಂಟೆಯಲ್ಲಿ ಫಾದರ್ ಪುಸ್ತಕ ಹಿಡಿದುಕೊಂಡು ಅವಳ ಮೇಜಿಗೆ ಬಂದರು.

"ಅಲ್ಲಮ್ಮಾ ಅರ್ಮೆಲ್, ಏನಿದು ಕುಚೋದ್ಯ? ಇನ್ನೂರ ಹನ್ನೆರಡನೇ ಪುಟದ ತನಕ ಜೇನು ನೆಟ್ಟಗೆ ಫ್ರೆಂಚ್‌ನಲ್ಲಿ ಗುಂಯ್ ಅಂತಾವೆ. ಆಮೇಲೆ ಇದ್ದಕ್ಕಿದ್ದ ಹಾಗೆ ಬ್ರೆಟನ್‌ನಲ್ಲಿ ಮಾತೆ ಮರಿಯಳ ಸ್ತುತಿ ಶುರು ಹಚ್ಕೋತಾವೆ!"

"ಜೇನು ಸ್ತುತಿ ಹಾಡ್ತಾವಾ ಫಾದರ್?"

"ನೀನೇ ನೋಡು ತಾಯಿ. ಇವತ್ತು ಊಟದ ಜೊತೆ ನಾನು ಕುಡಿದದ್ದು ಬರೀ ನೀರು."

ಅರ್ಮೆಲ್ ಪುಟ ತಿರುಗಿಸಿದಳು. ಜೇನಿನ ಕೊನೆಯ ಹಾಳೆಯಾದ ಮೇಲೆ ಬೇರೆ ಬಣ್ಣದ, ದಪ್ಪನೆಯ ಹಾಳೆ. ಅದರ ಮೂಲೆಯಲ್ಲಿ ಗ್ರಂಥಾಲಯದ ಮುದ್ರೆ, ಮುದ್ರೆಯ ಕೆಳಗೆ ಅವಳಿಗೆ ಬಾಯಿಪಾಠವಾಗಿದ್ದ ಆ ಸಂಖ್ಯೆ. ತೊಂಬತ್ತಾರು ಪುಟಗಳೂ ಇದ್ದವು, ಒಂದೂ ಹರಿದಿರಲಿಲ್ಲ. ಅವಳ ಬಾಯಿಂದ ಎಂಥದೋ ಕೂಗು ಹೊರಟಿತು, ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮೂವತ್ತನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ದನಿಯೆತ್ತಿದ್ದು ಅದೇ ಮೊದಲು.

ಆಮೇಲೆ ಅವಳು ಹಿಂದಿನ ಹೊದಿಕೆಯ ಒಳಮೈ ನೋಡಿದಳು. ಪುಸ್ತಕ ಕಟ್ಟುವವನು ಅಲ್ಲಿ ಚೀಟಿ ಅಂಟಿಸಿದ್ದ: 'ಒಂದು ದಾರ, ಎರಡು ತುಂಡು, ಹೊದಿಕೆ ಒಂದು.' ಕೆಳಗೆ, ಕಳಿಸಿಕೊಟ್ಟವರ ಸಹಿಯ ಜಾಗದಲ್ಲಿ, 'ಅ. ಕೆ.' ಅಕ್ಷರ ಅವಳದೇ.

ಮೂವತ್ತೆರಡು ವರ್ಷದ ಹಿಂದಿನ ಆ ದಿನ ಅವಳಿಗೆ ನೆನಪಾಯಿತು. ಸಕಲ ಸಂತರ ಹಬ್ಬದ ರಜೆಯ ಹಿಂದಿನ ದಿನ, ಅವಸರ. ಓದುವವರು ಮರಳಿಸಿದ ರಾಶಿಯಲ್ಲಿದ್ದ ಗೀತೆಗಳ ಪುಸ್ತಕದ ಹೊದಿಕೆ ಕಳಚಿಬಿದ್ದಿತ್ತು, ಅದು ಯಾವುದೆಂದು ಅವಳು ನೋಡಿರಲಿಲ್ಲ. ಹಾಳೆ ಚದುರದಿರಲೆಂದು ಅವಳು ಅದನ್ನು ಜೇನಿನ ಪುಸ್ತಕದ ಜೊತೆಗಿಟ್ಟು ದಾರ ಸುತ್ತಿದ್ದಳು. ಕಟ್ಟಿನ ಮೇಲಿನ ಹೆಸರನ್ನಷ್ಟೇ ಪಟ್ಟಿಯಲ್ಲಿ ಬರೆದಿದ್ದಳು. ಒಂದು ದಾರದಲ್ಲಿ ಬಂದದ್ದನ್ನು ಒಂದೇ ಪುಸ್ತಕವಾಗಿ ಹೊಲಿಯುವುದು ಕಟ್ಟುವವರ ಪದ್ಧತಿ. ಅದು ಅವಳಿಗೆ ಗೊತ್ತಾದದ್ದು ವರ್ಷಗಳ ನಂತರ; ಅಷ್ಟರಲ್ಲಿ ಆ ಕಟ್ಟು ಮರೆತೇಹೋಗಿತ್ತು.

"ಕದ್ದವರು ಯಾರೂ ಇಲ್ಲ, ಫಾದರ್. ಕಳೆದವಳು ನಾನೇ," ಎಂದಳು.

ಬುಧವಾರ ವಿಷಯ ಕೇಳಿ ನಿರ್ದೇಶಕಿ ಕನ್ನಡಕ ತೆಗೆದಳು. "ಪುಸ್ತಕ ಸಿಕ್ತಲ್ಲ, ಅದು ದೊಡ್ಡದು. 'ಸಿಕ್ಕಿದೆ' ಅಂತ ಒಂದು ಪದ ಬರೆದ್ರೆ ಮುಗೀತು. ನಿಮ್ಮ ಬೀಳ್ಕೊಡುಗೆಗೆ ಕುಲಪತಿಗಳು ಬರ್ತಿದ್ದಾರೆ. ಅವರ ಮುಂದೆ ನಿಮ್ಮ ಮುಖಕ್ಕೆ ನೀವೇ ಮಸಿ ಬಳ್ಕೋಬೇಕಾ?"

"ಅವನು ಸತ್ತ ವಾರದಲ್ಲೇ ಪುಸ್ತಕ ಸಿಕ್ತು ಅಂದ್ರೆ ಜನ ಏನಂದ್ಕೋತಾರೆ ಮದಾಮ್? ಕದ್ದೋನ ಮನೆಯವರು ಗುಟ್ಟಾಗಿ ತಂದಿಟ್ರು ಅಂತಾರೆ. 'ಸಿಕ್ಕಿದೆ' ಅನ್ನೋದು 'ಕಳುವಾಗಿದೆ' ಅನ್ನೋದಕ್ಕಿಂತ ಕೆಟ್ಟದ್ದು."

ಮದಾಮ್ ವೆರ್ನಿಯೆ ಕನ್ನಡಕವನ್ನು ಮತ್ತೆ ಏರಿಸಿಕೊಂಡಳು.

ಅರ್ಮೆಲ್ ಅದೇ ಸಂಜೆ ಪ್ಲುವೆರೆನ್‌ಗೆ ಹೋದಳು. ಬಾಗಿಲು ತೆಗೆದವಳು ಗ್ವೆನೋಲೆಯ ತಂಗಿ ಸ್ವಾಜಿಕ್. ಎಪ್ಪತ್ತೈದರ ಮೇಲಿನ ಗಟ್ಟಿ ಹೆಂಗಸು. ಅವಳು ಒಳಗೆ ಕರೆಯಲಿಲ್ಲ.

"ಲೈಬ್ರರಿಯೋರು ಇವತ್ತು ದಾರಿ ತಪ್ಪಿ ಬಂದ್ರಾ? ಪೇಪರ್‌ನಲ್ಲಿ ನಿಮ್ಮ ಹೆಸರು ಹಾಕ್ಬೇಡಿ ಅಂತ ನಾನೇ ಹೇಳಿದ್ದೆ. ಅಂಗಡಿಗೆ ಹೋದ್ರೆ ಸಾಕು, 'ಪುಸ್ತಕಗಳ್ಳನ ತಂಗಿ ಸ್ವಾಜಿಕ್ ಬಂದ್ಲು, ಕ್ಯಾಲೆಂಡರ್ ಒಳಗಿಡ್ರೋ' ಅಂತ ನಗೋರು. ಗೊತ್ತಾ ನಿಮಗೆ?"

ಅರ್ಮೆಲ್ ಹೊಸಿಲಾಚೆ ನಿಂತೇ ಎಲ್ಲವನ್ನೂ ಹೇಳಿದಳು. ಕ್ಷಮಿಸು ಎಂದು ಕೇಳಲಿಲ್ಲ. ಆದದ್ದನ್ನು ಆದಂತೆ ಹೇಳಿದಳು. ಸ್ವಾಜಿಕ್ ಬಾಗಿಲ ಚೌಕಟ್ಟಿಗೆ ಒರಗಿದಳು.

"ಒಂದು ದಾರಾನಾ? ಒಂದು ಗೇಣು ದಾರ?" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. "ಅಯ್ಯೋ ಪುಣ್ಯಾತ್ಗಿತ್ತಿ, ನಾಲ್ಕು ದಿನ ಮುಂಚೆ ಬರೋಕೆ ಆಗ್ಲಿಲ್ವಾ ನಿನಗೆ? ಅವನೇ ಕೇಳ್ತಿದ್ನಲ್ಲೇ!" ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು. "ನಾಳೆ ಎಷ್ಟು ಗಂಟೆಗೆ? ಎಲ್ಲರ ಮುಂದೆ ನೀನು ಹೇಳೋದನ್ನ ನಾನು ಕಿವಿಯಾರೆ ಕೇಳ್ಬೇಕು. ಒಂದಕ್ಷರ ನುಂಗಿದ್ರೆ ಅಲ್ಲೇ ಎದ್ದು ಕೂಗ್ತೀನಿ."

"ಕೂಗು," ಎಂದಳು ಅರ್ಮೆಲ್.

ಗುರುವಾರ ಓದುವ ಕೋಣೆಯಲ್ಲಿ ಮೇಜುಗಳನ್ನು ಜೋಡಿಸಿ ಸೇಬಿನ ಸೈಡರ್, ಬೆಣ್ಣೆ ಕೇಕು ಇಟ್ಟಿದ್ದರು. ಕುಲಪತಿಗಳು ಹೊಗಳಿದರು, ಹೂಗುಚ್ಛ ಕೊಟ್ಟರು. ಅರ್ಮೆಲ್ ಹೂಗುಚ್ಛವನ್ನು ಪಕ್ಕಕ್ಕಿಟ್ಟು, ಪುಸ್ತಕವನ್ನೆತ್ತಿ ಹೊದಿಕೆಯ ಚೀಟಿಯನ್ನು ತೋರಿಸಿದಳು. ದಾರ, ಪಟ್ಟಿ, ಸಹಿ, ತನ್ನ ಮೌನ, ಯಾವುದನ್ನೂ ಬಿಡಲಿಲ್ಲ. "ಗ್ವೆನೋಲೆ ತಾಂಗಿ ಈ ಮನೆಯಿಂದ ಒಂದು ಹಾಳೆಯನ್ನೂ ತಗೊಂಡು ಹೋಗಿಲ್ಲ. ನಾವು ಅವನಿಂದ ತಗೊಂಡದ್ದು ಮಾತ್ರ ಬಹಳ," ಎಂದು ನಿಲ್ಲಿಸಿದಳು.

ಯಾರೂ ಲೋಟ ಮುಟ್ಟಲಿಲ್ಲ. ಆಗ ಹಿಂದಿನ ಸಾಲಿನಲ್ಲಿ ಹಳೆಯ ದ್ವಾರಪಾಲಕ ಫಾಂಚ್ ಕೋಲೂರಿ ಎದ್ದ. "ಅವನ ಬೀಗದಕೈ ಕಿತ್ಕೊಂಡೋನು ನಾನು. 'ನಾನು ತಗೊಂಡಿಲ್ಲ ಕಣೋ ಫಾಂಚ್' ಅಂದಿದ್ದ. ನಾನು ನಕ್ಕಿದ್ದೆ," ಎಂದು ಟೋಪಿ ತೆಗೆದು ಸ್ವಾಜಿಕ್‌ಳ ಮುಂದೆ ತಲೆ ತಗ್ಗಿಸಿದ.

"ಕೂತ್ಕೊಳ್ಳೋ ಮುದುಕಾ, ಬಿದ್ದುಗಿದ್ದೀಯ," ಎಂದಳು ಸ್ವಾಜಿಕ್. ಅವಳೇ ಅವನ ತೋಳು ಹಿಡಿದು ಕೂರಿಸಿದಳು.

ಮದಾಮ್ ವೆರ್ನಿಯೆ ದಾಖಲೆ ಪುಸ್ತಕ ತಂದಳು. ಅರ್ಮೆಲ್ ಬರೆದಳು: 'ಈ ಪುಸ್ತಕ ಎಂದೂ ಕಳುವಾಗಿರಲಿಲ್ಲ. ಉಗ್ರಾಣದ ಗ್ವೆನೋಲೆ ತಾಂಗಿಯವರು ನಿರ್ದೋಷಿ. ತಪ್ಪು ನನ್ನದು.' ನಿರ್ದೇಶಕಿ ಒಮ್ಮೆ ಓದಿ, ಒಂದು ಪದವನ್ನೂ ತಿದ್ದದೆ ಕೆಳಗೆ ಸಹಿ ಹಾಕಿದಳು. ಆಮೇಲೆ ಎಲ್ಲರೂ ಮೂರನೆಯ ಮಾಳಿಗೆಗೆ ಹತ್ತಿದರು. ಸ್ವಾಜಿಕ್ ಕಪಾಟಿನಿಂದ ಹಲಗೆಯನ್ನು ಎಳೆದಳು. ಧೂಳು ಕೆಮ್ಮಿಸಿತು. ಆ ಜಾಗದಲ್ಲಿ ಪುಸ್ತಕವನ್ನು ತನ್ನ ಕೈಯಿಂದಲೇ ಇಟ್ಟಳು. ಜೇನಿನ ಭಾಗವೂ ಜೊತೆಗಿದ್ದುದರಿಂದ ಅದು ಹಿಡಿಸಲಿಲ್ಲ; ಪಕ್ಕದ ಪುಸ್ತಕಗಳನ್ನು ಸರಿಸಿ ಜಾಗ ಮಾಡಬೇಕಾಯಿತು. ಪಿಸುಮಾತೂ ಕೂಡದೆಂಬ ಆ ಮಾಳಿಗೆಯಲ್ಲಿ ಜನ ಚಪ್ಪಾಳೆ ತಟ್ಟಿದರು. ನಿಂತಿತೆಂದು ಅನ್ನಿಸಿದಾಗ ಫಾಂಚ್ ಮತ್ತೆ ಶುರುಮಾಡುತ್ತಿದ್ದ. ಅರ್ಮೆಲ್ ತಡೆಯಲಿಲ್ಲ. ತನ್ನ ದುಡಿಮೆಯ ಕಾಲವೆಲ್ಲ ಆ ಒಂದು ಸದ್ದಿಗಾಗಿಯೇ ಕಾದಿದ್ದವಳಂತೆ ಅವಳು ನೆಟ್ಟಗೆ ನಿಂತಿದ್ದಳು.

ಶುಕ್ರವಾರ ಪ್ಲುವೆರೆನ್‌ನ ದೇವಾಲಯದಲ್ಲಿ ಕೂರಲು ಜಾಗವಿರಲಿಲ್ಲ. ಗ್ರಂಥಾಲಯದವರೇ ನಲವತ್ತು ಜನ ಬಂದಿದ್ದರು. ಶವಪೆಟ್ಟಿಗೆಯನ್ನು ಹೊರಲು ಎದ್ದ ಆರು ಮಂದಿಯಲ್ಲಿ ಮೂವರು ಉಗ್ರಾಣದ ನೌಕರರು. ಗ್ವೆನೋಲೆಯ ಮುಖವನ್ನು ಕೂಡ ಕಂಡವರಲ್ಲ. ಸ್ವಾಜಿಕ್ ಅರ್ಮೆಲ್‌ಳ ಕೈಯನ್ನು ತನ್ನ ತೋಳಿನಲ್ಲಿ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲೇ ನಡೆಸಿಕೊಂಡು ಹೋದಳು. ಸಮಾಧಿಯ ಭೂಮಿಯಲ್ಲಿ ಸಮುದ್ರದ ಗಾಳಿ ಬೀಸುತ್ತಿತ್ತು. ಸರದಿ ಬಂದಾಗ ಅರ್ಮೆಲ್ ಹಸಿರು ಕಡ್ಡಿಯನ್ನು ತೀರ್ಥದಲ್ಲಿ ಅದ್ದಿ ಪೆಟ್ಟಿಗೆಯ ಮೇಲೆ ಪ್ರೋಕ್ಷಿಸಿದಳು. ಹನಿಗಳು ಮರದ ಮೇಲೆ ಒಂದು ಕ್ಷಣ ಹೊಳೆದು ನಿಂತವು. ಅವಳು ಕಣ್ಣು ಮುಚ್ಚಿದಳು.

ಪ್ರಭುವೇ, ನಿನ್ನ ಸೇವಕ ಗ್ವೆನೋಲೆ ನಿನ್ನ ಬಳಿಗೆ ಬಂದಿದ್ದಾನೆ. ಇವನು ಶುದ್ಧನೆಂದು ನಿನಗೆ ಮೊದಲೇ ತಿಳಿದಿತ್ತು. ತಡಮಾಡಿ ತಿಳಿದುಕೊಂಡವರು ನಾವು. ಇವನ ದಣಿವನ್ನು ಇಳಿಸು, ನಿನ್ನ ಬೆಳಕಿನಲ್ಲಿ ಇವನಿಗೆ ಇರಲು ಜಾಗ ಕೊಡು, ಇವನ ಆತ್ಮಕ್ಕೆ ಶಾಂತಿಯನ್ನು ದಯಪಾಲಿಸು. ಆಮೆನ್.