ಬಾಯಿಗೆ ಬೀಗ ಬಿದ್ದ ಹನ್ನೊಂದು ದಿನ

ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವ ಆರು ಜನರಲ್ಲಿ ಅವನೊಬ್ಬನಿಗೆ ಮಾತ್ರ ಅಡ್ಡಹೆಸರಿತ್ತು. ಇಪ್ಪತ್ತೆರಡು ವರ್ಷದಿಂದ ಬೇರೆಯವರ ವಾಕ್ಯಗಳಲ್ಲಿ ಜಾರಿಬಿದ್ದ ಚುಕ್ಕೆ, ಕೊಂಬು, ಒತ್ತಕ್ಷರಗಳನ್ನು ಹೆಕ್ಕಿ ಹೆಕ್ಕಿ ಜಾಗಕ್ಕೆ ಕೂರಿಸುತ್ತಿದ್ದವನನ್ನು ಎಲ್ಲರೂ 'ಅಲ್ಪವಿರಾಮ' ಎನ್ನುತ್ತಿದ್ದರು. ಮಾತಿನಲ್ಲೂ ಆಸಾಮಿ ಹಾಗೆಯೇ. ಮೂರು ಪದಕ್ಕೊಮ್ಮೆ ನಿಂತು, ಯೋಚಿಸಿ, ಆಮೇಲೆ ಮುಂದಿನ ಹೆಜ್ಜೆ.

ಪ್ರತಿ ವರ್ಷ ಬಜೆಟ್ಟಿಗೆ ಮೊದಲು ಹನ್ನೊಂದು ದಿನ ಆ ಕಟ್ಟಡದ ನೆಲಮಾಳಿಗೆಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಬಜೆಟ್ ಅಚ್ಚು ಮಾಡುವವರೆಲ್ಲ ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಮೊಬೈಲನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. ಮಂತ್ರಿಗಳ ಭಾಷಣ ಮುಗಿಯುವ ಮೊದಲು ಒಳಗಿನ ಒಂದಕ್ಷರ ಹೊರಗೆ ಹೋದರೂ ಕೆಲಸ ಹೋಗುತ್ತದೆ, ಜೊತೆಗೆ ಜೈಲು.

ಈ ಸಲ ಒಳಗೆ ಹೋಗುವ ಹಿಂದಿನ ದಿನ ಮನೆಯಲ್ಲಿ ದೊಡ್ಡ ಮಾತುಕತೆಯೇ ನಡೆದಿತ್ತು. ಬಾಡಿಗೆ ಮನೆಯ ಮಾಲೀಕರು ಎರಡು ತಿಂಗಳಲ್ಲಿ ಮನೆ ಬಿಡಿ ಎಂದಿದ್ದರು. ಹುಡುಕಿ ಹುಡುಕಿ ಚಪ್ಪಲಿ ಸವೆದ ಮೇಲೆ ಒಂದು ಫ್ಲ್ಯಾಟು ಸಿಕ್ಕಿತ್ತು. ಮೂರನೇ ಮಹಡಿ, ಎರಡು ಕೋಣೆ, ಅಡುಗೆಮನೆಗೆ ಬೆಳಿಗ್ಗೆಯ ಬಿಸಿಲು. ಹೆಂಡತಿ ರಕ್ತ ಪರೀಕ್ಷೆಯ ಕೆಲಸ ಮಾಡುವ ಆಸ್ಪತ್ರೆ ಹಿಂದಿನ ಬೀದಿಯಲ್ಲೇ. ಮೊದಲ ಮನೆ ಕೊಳ್ಳುವವರ ಸಾಲದ ಬಡ್ಡಿಯಲ್ಲಿ ಸರ್ಕಾರ ಒಂದು ಪಾಲು ಹೊರುತ್ತಿದ್ದುದರಿಂದಲೇ ಇವರಂಥವರು ಅಂಥ ಮನೆಯತ್ತ ಕಣ್ಣೆತ್ತಿ ನೋಡುವ ಹಾಗಾಗಿತ್ತು. ಈ ಬಜೆಟ್ಟಿನಲ್ಲಿ ಆ ರಿಯಾಯಿತಿ ಇನ್ನೂ ಹೆಚ್ಚುತ್ತದೆ ಎಂದು ಪತ್ರಿಕೆಗಳೆಲ್ಲ ವಾರದಿಂದ ಡಂಗುರ ಹೊಡೆಯುತ್ತಿದ್ದವು.

"ಬಜೆಟ್ ಆಗ್ಲಿ. ನಾನು ಹೊರಗೆ ಬಂದ್ಮೇಲೆ ಸಹಿ ಹಾಕೋಣ. ಹೆಚ್ಚಾದ್ರೆ ನಮಗೇ ಒಳ್ಳೇದಲ್ವಾ? ಈಗೇನು ಬೆಂಕಿ ಬಿದ್ದಿದೆ?" ಎಂದ ಅವನು.

"ಮನೆ ಮಾರೋರು ಕಾಯ್ತಾರಾ?" ಎಂದಳು ಹೆಂಡತಿ.

"ಹನ್ನೊಂದು ದಿನದಲ್ಲಿ ಆಕಾಶ ಕಳಚಿ ಬೀಳಲ್ಲ ಬಿಡು."

ಅವಳಿಗೆ ಮನಸ್ಸಿರಲಿಲ್ಲ. ಆದರೂ ಆಯಿತೆಂದು ತಲೆಯಾಡಿಸಿದಳು. ಹದಿನಾಲ್ಕರ ಮಗಳು ಆಗಲೇ ಹೊಸ ಕೋಣೆಯ ಯಾವ ಗೋಡೆಗೆ ತನ್ನ ಮಂಚ ಎಂದು ತೀರ್ಮಾನಿಸಿಬಿಟ್ಟಿದ್ದಳು.

ಒಳಗೆ ಹೋದ ಆರನೆಯ ದಿನ ಮಧ್ಯಾಹ್ನ ಆ ಪುಟ ಅವನ ಮೇಜಿಗೆ ಬಂತು. ಯಂತ್ರಗಳ ಸದ್ದು, ಮಸಿಯ ವಾಸನೆ, ತಲೆಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು. ಎಂದಿನಂತೆ ಸಾಲಿನ ಕೆಳಗೆ ಅಡ್ಡಪಟ್ಟಿ ಇಟ್ಟು ಓದುತ್ತಾ ಬಂದ. ಮೊದಲ ಮನೆಯ ಸಾಲದ ಬಡ್ಡಿ ರಿಯಾಯಿತಿಯನ್ನು ನಿಲ್ಲಿಸಲಾಗಿದೆ. ಬಜೆಟ್ ಮಂಡನೆಯ ಹಿಂದಿನ ದಿನದೊಳಗೆ ನೋಂದಣಿಯಾದ ಕರಾರುಗಳಿಗೆ ಮಾತ್ರ ಅದು ಮುಂದುವರಿಯುತ್ತದೆ.

ಅವನು ಅಡ್ಡಪಟ್ಟಿಯನ್ನು ಒಂದು ಸಾಲು ಹಿಂದಕ್ಕೆ ತಂದು ಮತ್ತೆ ಓದಿದ. ಅಕ್ಷರ ಬದಲಾಗಲಿಲ್ಲ. 'ರಿಯಾಯಿತಿ' ಎಂಬ ಪದದಲ್ಲಿ ಒಂದು 'ಯಿ' ಬಿಟ್ಟುಹೋಗಿತ್ತು. ಕೆಂಪು ಪೆನ್ನಿನಿಂದ ಅದನ್ನು ಸೇರಿಸಿದ. ತನ್ನ ಮನೆಯ ಬಾಗಿಲು ಮುಚ್ಚುವ ವಾಕ್ಯದ ಕಾಗುಣಿತ ತಿದ್ದಿ, ಕೆಳಗೆ ಸಹಿ ಹಾಕಿ, ಮುಂದಿನವರಿಗೆ ದಾಟಿಸಿದ.

ಅಂದಿನಿಂದ ಊಟ ಸೇರಲಿಲ್ಲ. ಇನ್ನೂ ಐದು ದಿನವಿತ್ತು. ಹೊರಗೆ ಹೆಂಡತಿಯ ಕೈಯಲ್ಲಿ ಪೆನ್ನಿತ್ತು, ಒಳಗೆ ಇವನ ತಲೆಯಲ್ಲಿ ಸುದ್ದಿಯಿತ್ತು, ನಡುವೆ ಒಂದು ಬೀಗ. ಬೆಂಕಿ ಬಿದ್ದಿದೆಯೇ ಎಂದು ಕೇಳಿ ಬಂದವನೂ ತಾನೇ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಎಂಟನೆಯ ದಿನ ಕಾವಲು ಅಧಿಕಾರಿ ಬಂದು, "ಮನೆಯಿಂದ ಫೋನು. ತುರ್ತು ಅಂತಿದ್ದಾರೆ. ಎರಡೇ ನಿಮಿಷ," ಎಂದರು.

ಅಧಿಕಾರಿಯ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟ ಫೋನು. ಆಚೆ ಕುರ್ಚಿಯಲ್ಲಿ ಪೆನ್ನು ಹಿಡಿದು ಕೂತ ಅಧಿಕಾರಿ.

"ರೀ, ಕೇಳಿಸ್ತಾ ಇದೆಯಾ? ಮನೆ ಮಾರೋರಿಗೆ ಬೇರೆ ಗಿರಾಕಿ ಸಿಕ್ಕಿದ್ದಾರಂತೆ. ನಾಳೆ ನೋಂದಣಿ ಮಾಡಿಸಿದ್ರೆ ನಿಮಗೆ, ಇಲ್ಲಾಂದ್ರೆ ಅವರಿಗೆ ಅಂತಾರೆ. ಏನು ಮಾಡ್ಲಿ? ಸಹಿ ಹಾಕ್ಲಾ, ಕಾಯ್ಲಾ?"

ಅವನ ಗಂಟಲಲ್ಲಿ 'ಹಾಕು' ಎಂಬ ಎರಡಕ್ಷರ ಬಂದು ನಿಂತವು. ಎದುರಿಗಿದ್ದವರ ಪೆನ್ನು ಕಾಗದದಿಂದ ಒಂದು ಎಳೆ ಮೇಲೆ ಕಾಯುತ್ತಿತ್ತು. ಹೇಳಿದರೆ ಗುಟ್ಟು ಬಿಟ್ಟುಕೊಟ್ಟಂತೆ. 'ಕಾಯು' ಎಂದರೆ ಹಸಿ ಸುಳ್ಳು. ಹಾವೂ ಸಾಯದೆ ಕೋಲೂ ಮುರಿಯದೆ ಇರುವಂಥ ಒಂದು ಮಾತಿಗಾಗಿ ತಡಕಾಡಿದ.

"ನಿನಗೆ... ಹೇಗೆ ತೋಚುತ್ತೋ... ಹಾಗೆ ಮಾಡು," ಎಂದ.

ಹದಿನೇಳು ವರ್ಷದ ಸಂಸಾರದಲ್ಲಿ ಪರದೆಯ ಬಟ್ಟೆಯ ಬಣ್ಣಕ್ಕೂ ತನ್ನದೊಂದು ಮಾತು ಸೇರಿಸದೆ ಬಿಟ್ಟವನಲ್ಲ ಅವನು. ಅವಳು ಅದನ್ನು ಮುನಿಸು ಎಂದುಕೊಂಡಳು.

"ಕೋಪ ಮಾಡ್ಕೋಬೇಡಿ. ಹೋಗ್ಲಿ ಬಿಡಿ, ನೀವು ಬಂದ್ಮೇಲೇ ನೋಡೋಣ. ಅವರ ಕೈಕಾಲು ಹಿಡಿದು ನಾಲ್ಕು ದಿನ ತಳ್ತೀನಿ. ಸರಿಯಾಗಿ ಊಟ ಮಾಡಿ," ಎಂದು ಇಟ್ಟುಬಿಟ್ಟಳು.

ಅಧಿಕಾರಿ ಬರೆದುಕೊಂಡು, "ಮನೆ ವಿಷಯಾನಾ? ನಮ್ಮನೇಲೂ ಇದೇ ಕಥೆ," ಎಂದು ನಕ್ಕರು. ಇವನೂ ಹಲ್ಲು ಬಿಟ್ಟ.

ಹನ್ನೊಂದನೆಯ ದಿನ ಭಾಷಣ ಮುಗಿದ ಮೇಲೆ ಬೀಗ ತೆಗೆದರು. ಬಸ್ಸಿನಲ್ಲಿ ಜನ ಮೊಬೈಲು ನೋಡುತ್ತಾ ಬೈಯುತ್ತಿದ್ದರು. "ಬಡವರಿಗೆ ಸಹಾಯ ಇದೆ, ಶ್ರೀಮಂತರಿಗೆ ದಾರಿ ಇದೆ. ನಾವು ಅಂದ್ರೆ ಗಂಡನ ಮನೆಗೂ ಇಲ್ಲ, ತವರಿಗೂ ಇಲ್ಲ!" ಎಂದ ಒಬ್ಬ. ಸುತ್ತಲಿನವರು ನಕ್ಕರು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

ಮನೆಯಲ್ಲಿ ಹೆಂಡತಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಊಟದ ಮೇಜಿನ ಮುಂದೆ ಕೂತಿದ್ದಳು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

"ಯಾವಾಗ ಗೊತ್ತಾಯ್ತು?" ಎಂದಳು ಅವಳು.

ಸುಳ್ಳು ಹೇಳಬಹುದಿತ್ತು. ಆ ಪುಟ ನನ್ನ ಮೇಜಿಗೆ ಬರಲೇ ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು.

"ಆರನೇ ದಿನ."

"ನಾನು ಫೋನ್ ಮಾಡಿದ್ದು ಎಂಟನೇ ದಿನ."

"ಹೂಂ."

"ಒಂದು ಸಾರಿ ಕೆಮ್ಮಿದ್ರೂ ಸಾಕಿತ್ತಲ್ಲ ರೀ!" ಅವಳ ದನಿ ಒಡೆಯಿತು. "ಹಾಕು ಅಂತ ಹೇಳ್ಬೇಡಿ, ಸುಮ್ನೆ ಕೆಮ್ಮಿದ್ರೂ ನನಗೆ ಅರ್ಥ ಆಗ್ತಿತ್ತು."

"ಅಧಿಕಾರಿ ಎದುರಿಗೆ ಕೂತಿದ್ರು. ಜೈಲಿಗೆ ಹೋಗ್ತಿದ್ದೆ."

"ಕೂತಿರದೇ ಇದ್ದಿದ್ರೆ ಹೇಳ್ತಿದ್ರಾ?"

ಈ ಪ್ರಶ್ನೆ ಅವನು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ನಿಂತು, ಯೋಚಿಸಿ, "ಇಲ್ಲ ಅನ್ಸುತ್ತೆ," ಎಂದ.

ಅವಳು ತಗ್ಗಿದ ದನಿಯಲ್ಲಿ ಹೇಳಿದಳು:

"ನಿಮ್ಮಕ್ಕನ ರಕ್ತದ ವರದಿ ಮೊದಲು ನೋಡಿದ್ದು ನಾನೇ. ಡಾಕ್ಟರು ರಜೆಯಲ್ಲಿದ್ರು. ಅವರು ಬಂದು ಹೇಳೋವರೆಗೆ ನಾವು ಯಾರಿಗೂ ಹೇಳೋ ಹಾಗಿಲ್ಲ. ಎರಡು ದಿನ ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡಿದೆ. ನೀವು ಅಕ್ಕನಿಗೆ ಸುಸ್ತು ಅಷ್ಟೇ ಅಂತ ನಗ್ತಾ ಇದ್ರಿ."

ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಎರಡು ದಿನದಲ್ಲಿ ಅವನು ಅಕ್ಕನ ಮನೆಗೆ ಹೋಗಿರಲಿಲ್ಲ. ಬರುವ ವಾರ ಹೋದರಾಯಿತು ಎಂದುಕೊಂಡಿದ್ದ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದ.

"ನಾನೂ ಅದನ್ನೇ ಕೇಳ್ತಿದ್ದೀನಿ," ಎಂದಳು ಅವಳು.

ಒಬ್ಬರ ತಪ್ಪಿಗೆ ಇನ್ನೊಬ್ಬರ ತಪ್ಪು ವಜಾ ಆಗುವ ಹಾಗಿದ್ದರೆ ಸಂಸಾರ ಎಷ್ಟು ಸುಲಭವಿರುತ್ತಿತ್ತು.

ಫ್ಲ್ಯಾಟು ಆ ಬೇರೆ ಗಿರಾಕಿಯ ಪಾಲಾಯಿತು. ರಿಯಾಯಿತಿಯಿಲ್ಲದೆ ಬ್ಯಾಂಕಿನವರು ಹೇಳಿದ ಕಂತು ಇಬ್ಬರ ಸಂಬಳಕ್ಕೂ ನಿಲುಕುವಂತಿರಲಿಲ್ಲ. ಏಳು ವಾರ ಅಲೆದು ಊರಂಚಿನಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಒಂದೇ ಕೋಣೆ, ಆಸ್ಪತ್ರೆಗೆ ಎರಡು ಬಸ್ಸು. ಮಗಳು ನಡುಮನೆಯಲ್ಲಿ ಮಲಗಬೇಕು. ಅವಳು ಅದಕ್ಕೆ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಹೊಸ ಮಾಲೀಕರು ಬಾಡಿಗೆ ಕರಾರನ್ನು ಮುಂದಿಟ್ಟಾಗ ಹೆಂಡತಿ ಅಭ್ಯಾಸಬಲದಿಂದ ಅದನ್ನು ಅವನತ್ತ ಸರಿಸಿದಳು. ಅವನು ಬೆರಳು ಇಟ್ಟು ಮೂರೂ ಪುಟ ಓದಿದ.

"ಸರಿಯಾಗಿದೆಯಾ?" ಎಂದಳು.

"ಸರಿಯಾಗಿದೆ. ಏನೂ ತಪ್ಪಿಲ್ಲ."

ಅವಳು ತಲೆಯಾಡಿಸಿದಳು. ಆಮೇಲೆ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು, ಕನ್ನಡಕ ಹಾಕಿ, ಮೊದಲ ಸಾಲಿನಿಂದ ತಾನೇ ಓದತೊಡಗಿದಳು. ಮಾಲೀಕರು ಗಡಿಯಾರ ನೋಡಿಕೊಂಡರು. ಅವನು ಕೈಕಟ್ಟಿ ಕಾಯುತ್ತಾ ಕೂತ.