ಎರಡು ಮತದ ಮನೆ

ಪಟ್ಟಣದಿಂದ ಬಂದಿದ್ದ ಅಧಿಕಾರಿ ಲಕೋಟೆಯಿಂದ ಒಂದೊಂದೇ ಮತಪತ್ರ ತೆಗೆದು, ಮುದ್ರೆ ಬಿದ್ದ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದ. ಪ್ರತಿ ಸಲವೂ ಅದೇ ಹೆಸರು, ಧಣಿ ನೂರೆತ್ತಿನ್ ಬೇ ಅವರ ಪಕ್ಷದ್ದು. ಶಾಲೆಯ ಕರಿಹಲಗೆಯ ಮೇಲೆ ಗೀಟಿನ ಪಕ್ಕ ಗೀಟು ಸೇರುತ್ತಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದ ಸಾದಿಯೆ ಹಲಗೆ ನೋಡುತ್ತಿರಲಿಲ್ಲ. ಅಧಿಕಾರಿಯ ಕೈಯನ್ನು ನೋಡುತ್ತಿದ್ದಳು. ಉಳಿದಿರುವ ಲಕೋಟೆಗಳಲ್ಲಿ ಒಂದು ಅವಳದ್ದು.

ಊರಿಗೆ ಒಂದೇ ಪೆಟ್ಟಿಗೆ, ಎಪ್ಪತ್ತಮೂರು ಮತ. ಪ್ರಾಂತ್ಯದಿಂದ ರಾಜಧಾನಿ ಅಂಕಾರಾದ ಸಂಸತ್ತಿಗೆ ಹೋಗುವವರು ಇಬ್ಬರು. ಅವರಲ್ಲೊಬ್ಬರು ಯಾವತ್ತೂ ನೂರೆತ್ತಿನ್ ಬೇ ಮನೆತನದವರೇ. ಮೊದಲು ಅಜ್ಜ, ಆಮೇಲೆ ಅಪ್ಪ, ಈಗ ಇವರು. ನಡುವೆ ಪಕ್ಷದ ಹೆಸರು ಮೂರು ಸಲ ಬದಲಾಯಿತು, ಮನೆತನ ಬದಲಾಗಲಿಲ್ಲ. ಊರಿನ ಕುರಿಗಳು ಬೇಸಿಗೆಯಲ್ಲಿ ಹತ್ತುವ ಬೆಟ್ಟದ ಹುಲ್ಲುಗಾವಲು ಅವರದ್ದು. ಅಷ್ಟು ಸಾಕಿತ್ತು.

ಸಾದಿಯೆಯ ಅಪ್ಪ ಹಾಲಿಸ್ ಊರಿನ ಮುಖ್ತಾರ್. ಊರ ಮುಖ್ಯಸ್ಥನಾಗಿ ಹದಿನೆಂಟು ವರ್ಷ. ಚುನಾವಣೆಗೆ ವಾರ ಇರುವಾಗ ಪ್ರತಿ ಮನೆಯ ಯಜಮಾನ ಅವನ ಜಗಲಿಯಲ್ಲಿ ಕೂತು ಟೀ ಕುಡಿದು ಮಾತು ಕೊಡುತ್ತಿದ್ದ. ‘ನಮ್ಮನೆಯಿಂದ ಐದು’, ‘ನಮ್ಮನೆಯಿಂದ ಏಳು’. ಅಪ್ಪ ಎಲ್ಲ ಕೂಡಿಸಿ ನೂರೆತ್ತಿನ್ ಬೇ ಅವರಿಗೆ ಫೋನು ಮಾಡುತ್ತಿದ್ದ. ತನಗಿಂತ ಮುಂಚಿನ ಕಾಲದವೂ ಸೇರಿ ಹಳೆಯ ಫಲಿತಾಂಶದ ಹಾಳೆಗಳನ್ನೆಲ್ಲ ಅವನು ಕಪಾಟಿನಲ್ಲಿ ಜೋಡಿಸಿಟ್ಟಿದ್ದ. ಒಂದು ಹೆಸರಿನ ಮುಂದೆ ಊರಿಗೆ ಊರೇ, ಉಳಿದವರ ಮುಂದೆ ಸೊನ್ನೆ.

ಒಂದು ಹಾಳೆಯಲ್ಲಿ ಮಾತ್ರ ಹಾಗಿರಲಿಲ್ಲ. ಸಾದಿಯೆ ಹುಟ್ಟಿದ ವರ್ಷದ್ದು. ಅದರಲ್ಲಿ ಒಂದು ಮತ ಹೊರಗೆ ಹೋಗಿತ್ತು. ಒಂಟಿಯಾಗಿದ್ದ ಬಡಗಿ ಅಬ್ಬಾಸನದ್ದೇ ಅಂತ ಊರು ತೀರ್ಮಾನಿಸಿತು. ಆ ಚಳಿಗಾಲ ಅವನ ಬಾಗಿಲಿನ ಹಿಮವನ್ನು ಯಾರೂ ಸರಿಸಲಿಲ್ಲ, ಅವನ ಸಲಾಮಿಗೆ ಯಾರೂ ಮರುಸಲಾಮು ಹೇಳಲಿಲ್ಲ. ಹಿಮ ಕರಗುವ ಹೊತ್ತಿಗೆ ಅವನು ಊರು ಬಿಟ್ಟ. ಅದು ನಿಜಕ್ಕೂ ಅವನ ಮತವೇ ಆಗಿತ್ತಾ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಇದೆಲ್ಲ ಗೊತ್ತಿದ್ದೂ ಸಾದಿಯೆ ಬೆಳಿಗ್ಗೆ ಪರದೆಯ ಹಿಂದೆ ಹೋದಾಗ, ಮುದ್ರೆಯನ್ನು ಹಾಳೆಯ ತುದಿಗೆ, ಫಿಕ್ರೆತ್ ಮೇಷ್ಟ್ರ ಹೆಸರಿನ ಕೆಳಗೆ ಒತ್ತಿದ್ದಳು. ಪಕ್ಷವಿಲ್ಲದೆ ನಿಂತಿದ್ದ ಮುದುಕ. ಗೆಲ್ಲುವ ಮಾತೇ ಇರಲಿಲ್ಲ. ಐದನೇ ತರಗತಿಗೆ ಅವಳನ್ನು ಶಾಲೆ ಬಿಡಿಸಿದಾಗ, ಇದೇ ಮೇಷ್ಟ್ರು ಮೂರು ಸಂಜೆ ಬಂದು ಅಪ್ಪನ ಮುಂದೆ ಕೂತಿದ್ದರು. ಮೂರು ಸಂಜೆಯೂ ಟೀ ಕುಡಿದು ಎದ್ದು ಹೋಗಿದ್ದರು. ಅವಳಿಗೋಸ್ಕರ ಯಾರಾದರೂ ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಈಗ ಅವಳು ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

‘ಸ್ವತಂತ್ರ,’ ಅಧಿಕಾರಿ ಓದಿದ. ‘ಫಿಕ್ರೆತ್ ಆಲ್ತಿನೊಕ್.’

ಹಲಗೆಯ ಬಳಿ ಎತ್ತಿದ್ದ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು.

‘ಇನ್ನೊಂದ್ ಸಲ ನೋಡಿ ಸಾಹೇಬ್ರೆ,’ ಅಂದ ಅಪ್ಪ.

ಅಧಿಕಾರಿ ಹಾಳೆಯನ್ನು ಅವನ ಕಡೆ ತಿರುಗಿಸಿದ. ಅಪ್ಪ ಬಗ್ಗಿ ನೋಡಿದ. ಸಾದಿಯೆಗೆ ತನ್ನ ಮುಖವೇ ಆ ಹಾಳೆಯ ಮೇಲೆ ಅಚ್ಚಾಗಿದೆ ಅನ್ನಿಸಿತು.

ಎಂಟು ಲಕೋಟೆ ಆದ ಮೇಲೆ ಮತ್ತೆ ಅದೇ ಹೆಸರು ಬಂತು.

ಅವಳು ತಲೆಯೆತ್ತಿದಳು. ಈ ಕೋಣೆಯಲ್ಲಿ ತನ್ನ ಹಾಗೆ ಇನ್ನೊಬ್ಬರು ಕೂತಿದ್ದಾರೆ. ಯಾರು? ತಲೆವಸ್ತ್ರಗಳು, ಟೋಪಿಗಳು, ಬಗ್ಗಿದ ಕಣ್ಣುಗಳು. ಎಲ್ಲರ ಮುಖದಲ್ಲೂ ಒಂದೇ ಹೆದರಿಕೆ, ಹಾಗಾಗಿ ಯಾರ ಮುಖವೂ ಏನನ್ನೂ ಹೇಳಲಿಲ್ಲ.

ಲೆಕ್ಕ ಮುಗಿಯಿತು. ಎಪ್ಪತ್ತೊಂದು, ಎರಡು. ಅಧಿಕಾರಿ ಫಲಿತಾಂಶದ ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ಚೀಲಕ್ಕೆ ಮೊಹರು ಹಾಕಿ ಜೀಪು ಹತ್ತಿದ. ಊರಿನವರು ಯಾರೂ ಏಳಲಿಲ್ಲ.

ಮೊದಲು ಬಾಯಿಬಿಟ್ಟವನು ಗಿರಣಿಯ ಕೆರಿಮ್. ‘ಎರಡು ಅಂತೆ. ಯಾವ್ ಮನೇದಪ್ಪ ಎರಡು? ನಮ್ಮನೇಲಿ ಆರಿದೆ. ಹಾಕಿದ್ರೆ ಆರೂ ಹಾಕ್ತಿದ್ವಿ.’

ಯಾರೋ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು. ಅಲ್ಲಿ ಮತ ಅಂದರೆ ಮನೆ. ಒಂದು ಮನೆ ಒಳಗೊಳಗೇ ಎರಡಾಗುತ್ತದೆ ಅನ್ನುವುದು ಯಾರ ತಲೆಗೂ ಬರುವಂಥದ್ದಲ್ಲ. ಎರಡೇ ಮತವಿದ್ದ ಮನೆ ಊರಲ್ಲಿ ಒಂದೇ: ಕುರಿ ಕಾಯುವ ವೇಯ್ಸೆಲ್‌ನದ್ದು. ಅವನು ಮತ್ತು ಅವನ ಹೆಂಡತಿ ಗೂಲೇಸೆರ್. ನಾಲ್ಕು ವರ್ಷದ ಹಿಂದೆ ಬೇರೆ ಕಡೆಯಿಂದ ಬಂದವರು.

ವೇಯ್ಸೆಲ್ ಎದ್ದು ನಿಂತ. ‘ಅಣ್ಣಾ, ಅನ್ನ ಮುಟ್ಟಿ ಹೇಳ್ತೀನಿ, ನಾವಲ್ಲ.’

‘ಕಳ್ಳ ಯಾವತ್ತಾದ್ರೂ ನಾನೇ ಅಂದಿದಾನೇನೋ?’ ಅಂದ ಕೆರಿಮ್. ‘ಬೇ ಹುಲ್ಲುಗಾವಲಿಗೆ ಬೇಲಿ ಹಾಕಿಸ್ಲಿ, ಆಗ ನಿನ್ ಅನ್ನ ನಮ್ ಕುರಿಗೆ ಹಾಕು.’

‘ಮುಖ್ತಾರಣ್ಣ, ನೀವಾದ್ರೂ ಹೇಳಿ. ಮಗೂಗೆ ಇನ್ನೂ ನಲವತ್ ದಿನ ತುಂಬಿಲ್ಲ. ಈಗ ಎಲ್ಲಿಗ್ ಹೋಗೋದು ನಾವು?’ ಗೂಲೇಸೆರ್‌ಳ ದನಿ ಏರಲಿಲ್ಲ. ಮಗುವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಅಪ್ಪ ಕೈಯಲ್ಲಿದ್ದ ಜಪಮಾಲೆಯ ಎರಡು ಮಣಿ ಸರಿಸಿದ. ‘ಕೂಲಿ ಪೂರಾ ಕೊಡ್ತೀವಿ ವೇಯ್ಸೆಲ್. ನಾಳೆ ಮಧ್ಯಾಹ್ನದ ಹಾಲಿನ ಗಾಡೀಲಿ ಹೊರಡಿ. ಜಾಸ್ತಿ ಮಾತಾಡಿ ನನ್ ಕೈಲಿ ಇನ್ನೇನೂ ಮಾಡಿಸ್ಬೇಡ.’

ಸುಮ್ಮನಿದ್ದರೆ ಸಾಕಿತ್ತು. ಸಾದಿಯೆಗೆ ಅದು ಸ್ಪಷ್ಟವಾಗಿ ಕಂಡಿತು. ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವೇ ಅಲ್ಲ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ನಾಳೆ ಮಧ್ಯಾಹ್ನ ಹಾಲಿನ ಗಾಡಿ ಹೋಗುತ್ತದೆ, ಸಂಜೆಗೆ ಊರು ಮೊದಲಿನಂತಾಗುತ್ತದೆ, ಅವಳು ಹಸು ಕರೆಯುತ್ತಾಳೆ. ಎರಡನೇ ಮತ ಹಾಕಿ ಇಲ್ಲೇ ಎಲ್ಲೋ ಕೂತವರೂ ಈ ಹೊತ್ತು ಇದನ್ನೇ ಲೆಕ್ಕ ಹಾಕುತ್ತಿರಬೇಕು.

‘ಒಂದು ನಂದು,’ ಅಂದಳು.

ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಅಮ್ಮನಿಗೆ ಮಾತ್ರ ಕೇಳಿಸಿತು. ಅಮ್ಮ ಅವಳ ಮೊಣಕೈ ಹಿಡಿದು ಉಗುರು ಊರಿದಳು. ‘ಬಾಯ್ಮುಚ್ಚು,’ ಅಂದಳು ಹಲ್ಲಿನ ಸಂದಿನಿಂದ. ‘ಮನೆ ಹಾಳ್ಮಾಡ್ಬೇಡ್ವೇ ತಾಯಿ.’

ಸಾದಿಯೆ ಎದ್ದು ನಿಂತಳು. ಮುಂದಿನ ಬೆಂಚು ಹಿಡಿದುಕೊಂಡಳು.

‘ಒಂದು ನಂದು ಅಪ್ಪಾ. ಮೇಷ್ಟ್ರಿಗೆ ಹಾಕಿದ್ದು. ವೇಯ್ಸೆಲ್ ಮನೆಯೋರು ಅಲ್ಲ.’

ಅಪ್ಪನ ಕತ್ತು ಕೆಂಪಾಯಿತು. ಅವನು ಎರಡು ಹೆಜ್ಜೆ ಮುಂದೆ ಬಂದ. ಅವಳು ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ.

‘ಇನ್ನೊಂದು?’ ಅಂತ ಕೇಳಿದ. ಆ ದನಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

‘ಗೊತ್ತಿಲ್ಲ.’

‘ಯಾರ್ ಹೇಳ್ಕೊಟ್ರು ನಿಂಗೆ?’

‘ಯಾರೂ ಇಲ್ಲ ಅಪ್ಪಾ. ಗೊತ್ತಿಲ್ಲ, ನಿಜವಾಗ್ಲೂ.’

ಕೆರಿಮ್ ಏನೋ ಹೇಳಲು ಬಾಯಿ ತೆರೆದವನು ಪಕ್ಕದಲ್ಲಿದ್ದ ತನ್ನ ದೊಡ್ಡ ಮಗನನ್ನು ನೋಡಿ ಮುಚ್ಚಿದ. ಮುಖ್ತಾರನ ಮನೆಯೇ ಒಡೆದಿದ್ದರೆ ಇನ್ನೊಂದು ಯಾವ ಮನೆಯದ್ದೂ ಇರಬಹುದು. ಗಂಡಸರು ಒಬ್ಬೊಬ್ಬರಾಗಿ ಹೆಂಡತಿಯರ ಕಡೆ, ತಮ್ಮಂದಿರ ಕಡೆ, ಸೊಸೆಯರ ಕಡೆ ನೋಡತೊಡಗಿದರು. ವೇಯ್ಸೆಲ್‌ನ ಕಡೆ ಈಗ ಯಾರ ಕಣ್ಣೂ ಇರಲಿಲ್ಲ.

ಆಗ ಅಪ್ಪನ ಫೋನು ಬಡಿದುಕೊಂಡಿತು. ಅದು ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು. ಅವನು ಮೂರು ಸಲ ಬಡಿಯಲು ಬಿಟ್ಟು ಎತ್ತಿಕೊಂಡ.

‘ಹೌದು ಬೇ. ಎಪ್ಪತ್ತೊಂದು... ಇಲ್ಲ, ಕುರಿಯವನಲ್ಲ.’ ಆ ಕಡೆಯ ದನಿ ಕೋಣೆಗೆಲ್ಲ ಸಣ್ಣಗೆ ಕೇಳಿಸುತ್ತಿತ್ತು. ‘ಒಂದು ನಮ್ಮನೇದು ಬೇ. ನನ್ ಮಗಳದ್ದು. ಇನ್ನೊಂದು ತಿಳೀಲಿಲ್ಲ.’

ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಅಪ್ಪ ಬರೀ ‘ಹೂಂ’ ಅನ್ನುತ್ತಿದ್ದ. ಕೊನೆಗೆ ಫೋನನ್ನು ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ‘ವೇಯ್ಸೆಲ್, ಬೆಳಿಗ್ಗೆ ಕುರಿ ಹೊಡಿ,’ ಅಂದ. ಬೇ ಅವರ ಬೆಟ್ಟಕ್ಕೋ ಬೇರೆಲ್ಲಿಗೋ, ಅದನ್ನು ಹೇಳಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮುಂದೆ ನಡೆದ, ಅಮ್ಮ ಹತ್ತು ಹೆಜ್ಜೆ ಹಿಂದೆ. ಸಾದಿಯೆ ಎಲ್ಲರಿಗಿಂತ ಹಿಂದೆ. ಎದುರು ಬಂದ ಗಿರಣಿಯ ಅಜ್ಜಿಗೆ ಅವಳು ಸಲಾಮು ಹೇಳಿದಳು. ಅಜ್ಜಿ ಗೋಡೆಯ ಕಡೆ ತಿರುಗಿ ನಡೆದುಹೋದಳು. ಮರುಸಲಾಮು ಬರಲಿಲ್ಲ.