ಕೊಸರಿಗೆ ತೆಗೆದ ಗುಳಿ

ಗಂಟೆಗೆ ಮುನ್ನೂರು ಮೈಲಿ ವೇಗದಲ್ಲಿ ನುಗ್ಗಿ ಬರುತ್ತಿದ್ದ ರೇಸ್ ಕಾರನ್ನು ನಾನು ಬರಿಗೈಯಲ್ಲಿ ನಿಲ್ಲಿಸಿದ್ದೇನೆ. ಎರಡು ಕೈಯಲ್ಲ, ಒಂದೇ ಕೈ. ಇನ್ನೊಂದರಲ್ಲಿ ಚಹಾದ ಲೋಟ ಇತ್ತು. ಒಂದು ಹನಿ ತುಳುಕಲಿಲ್ಲ. ನಂಬದವರು ಹೋಗಿ ನೋಡಬಹುದು. ಆ ಕಾರು ಈಗ ಗಾಜಿನ ಗೋಡೆಯ ದೊಡ್ಡ ಸಭಾಂಗಣದಲ್ಲಿ, ಸುತ್ತಲೂ ಕೆಂಪು ಹಗ್ಗ ಕಟ್ಟಿಸಿಕೊಂಡು, ಮುಟ್ಟಿದರೆ ಮುನಿ ಎಂಬಂತೆ ನಿಂತಿದೆ. ಹಿಂದಿನ ಚಕ್ರದ ಮೇಲ್ಗಡೆ, ಪಕ್ಕದ ತಗಡಿನಲ್ಲಿ, ಒಂದು ಅಂಗೈಯಗಲದ ಗುಳಿ ಇದೆ. ಅದೇ ಸಾಕ್ಷಿ.

ನಾನು ಟಿಂಕರ್. ಜಜ್ಜಿಹೋದ ತಗಡನ್ನು ತಟ್ಟಿ ತಟ್ಟಿ ನೆಟ್ಟಗೆ ಮಾಡುವವನು. ನಾನು ಮರದ ಕೊಡತಿ ಎತ್ತಿದರೆ ಪಕ್ಕದ ಬೀದಿಯ ಕಾರುಗಳ ಗುಳಿಗಳೂ ಹೆದರಿ ತಾವಾಗಿಯೇ ಉಬ್ಬಿಕೊಳ್ಳುತ್ತವೆ. ನಮ್ಮ ಗ್ಯಾರೇಜಿನಲ್ಲಿ ತಗಡು ನನ್ನದು, ಎಂಜಿನ್ ನನ್ನ ಹೆಂಡತಿಯದು, ಬಾಗಿಲ ಪಕ್ಕದ ಕುರ್ಚಿ ಮಾವನದು. ಎಂಜಿನ್ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅದರ ಜೊತೆಗೆ ಎಡಗೈಯೂ ಬಂತು. ಅಪ್ಪ ಎಡಚ, ಮಗಳು ಎಡಚಿ. ಆ ಇಬ್ಬರ ನಡುವೆ ಸ್ಪ್ಯಾನರ್ ಯಾವ ಕಡೆ ಇಟ್ಟರೂ ನನ್ನ ಕೈಗೆ ಸಿಗುವುದಿಲ್ಲ.

ಮಾವ ಒಂದು ಕಾಲದಲ್ಲಿ ರೇಸ್ ತಂಡದ ಮೆಕ್ಯಾನಿಕ್ ಆಗಿದ್ದವರು. ಈಗ ಕಣ್ಣು ಕಾಣುವುದಿಲ್ಲ. ಅವರು ಹೇಳುವ ಕಥೆಗಳಲ್ಲಿ ಬರುವುದು ಯಾವಾಗಲೂ ಒಂದೇ ಕಾರು. ಬಣ್ಣವಿಲ್ಲದ ಬರಿ ಅಲ್ಯೂಮಿನಿಯಂ ಮೈ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತಂತೆ. ಸೊಂಟದೆತ್ತರ, ಸೀಟಿನ ಬೆನ್ನಿಗೇ ಎಂಜಿನ್. ಪ್ರಪಂಚದಲ್ಲಿ ಅಂಥವು ಮೂರೇ: ಒಂದು ಸುಟ್ಟುಹೋಗಿದೆ, ಇನ್ನೊಂದನ್ನು ಯಾರೂ ನೋಡಿಲ್ಲ, ಮೂರನೆಯದು ಮಾವನದು. ಅಂದರೆ ಮಾವ ನೋಡಿಕೊಳ್ಳುತ್ತಿದ್ದದ್ದು.

"ರೇಸಿಗೆ ಬಿಡೋವಾಗ ಹೋಗು ಅನ್ನಬಾರ್ದು, ಅಳಿಯಂದ್ರೇ. ಹೋಗಿ ಬಾ ಅನ್ನಬೇಕು," ಎನ್ನುತ್ತಿದ್ದರು. "ನಾನು ಅದರ ಪಕ್ಕೆಗೆ ಎರಡು ಸಲ ತಟ್ತಿದ್ದೆ. ಒಂದು ಹೋಗೋಕೆ, ಒಂದು ಬರೋಕೆ. ಅದಕ್ಕೇ ಅದು ಎಂಥ ರೇಸಿಂದಾನೂ ವಾಪಸ್ ಬರ್ತಿತ್ತು. ಒಂದ್ಸಲ ಬಾಗಿಲು ಬಿದ್ಹೋದ್ರೂ ಬಂತು. ತಟ್ಟಿ ತಟ್ಟಿ ತಗಡು ನನ್ನ ಅಂಗೈ ಆಕಾರಕ್ಕೆ ಇಳಿದಿತ್ತು, ಗೊತ್ತಾ? ಮಾರಿಬಿಟ್ಟ ದಿನ, ಲಾರಿ ಮೇಲೆ ನಿಂತಿದ್ದಾಗ್ಲೂ ಹೋಗಿ ಬಾ ಅಂದೆ. ಅದೊಂದ್ಸಲ ಬರಲಿಲ್ಲ."

ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರೆ. ಬುರುಡೆ ಬಿಡುವವನಿಗೆ ಊರವರದೆಲ್ಲ ಬುರುಡೆಯೇ. ಕೈ ತಟ್ಟಿದ್ದಕ್ಕೆ ತಗಡು ತಗ್ಗುತ್ತದೆಯೇ? ಮಾವನೂ ನಮ್ಮ ಪೈಕಿಯವರೇ ಎಂದುಕೊಂಡು ಹೂಂಗುಟ್ಟುತ್ತಿದ್ದೆ.

ನಲವತ್ತು ವರ್ಷದ ಮೇಲೆ ಆ ಕಾರು ಬಂತು. ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕುವ ಸಾಹುಕಾರರೊಬ್ಬರು ಅದನ್ನು ಎಲ್ಲಿಂದಲೋ ಕೊಂಡು ತರಿಸಿದ್ದರು. ಲಾರಿಯಿಂದ ಇಳಿಸುವಾಗ ಮೂಗು ಸ್ವಲ್ಪ ಒಳಹೋಗಿತ್ತು. ಅದರ ಹಳೆಯ ಮೆಕ್ಯಾನಿಕ್ ನಮ್ಮ ಮನೆಯಲ್ಲೇ ಇದ್ದಾರೆಂದು ಯಾರಿಂದಲೋ ಕೇಳಿ, ಹುಡುಕಿಕೊಂಡು ನಮ್ಮಲ್ಲಿಗೇ ತಂದರು. "ಮೂಗು ಮಾತ್ರ ಸರಿ ಮಾಡಿ. ಬೇರೆ ಎಲ್ಲೂ ಕೈ ಹಾಕ್ಬೇಡಿ," ಎಂದು ಹೇಳಿ ಹೋದರು.

ಸುದ್ದಿ ಕೇಳಿದ ಮಾವ ಮದುವೆ ಗಂಡಿನ ಹಾಗೆ ಗಡ್ಡ ಕೆರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಕೇಳಿ ತೊಟ್ಟು, ಹಿಂಬದಿಯ ಕೋಣೆಯಲ್ಲಿ ಕುಳಿತರು.

"ಕಾಣ್ಸೋದೇ ಇಲ್ಲ, ಏನು ನೋಡ್ತೀರಿ ಮಾವ?" ಎಂದೆ.

"ನಾನು ನೋಡೋದಲ್ಲ, ಅದು ನನ್ನ ಗುರುತು ಹಿಡೀಬೇಕು. ಒಂದ್ಸಲ ಕೈ ಇಟ್ಟು ನೋಡ್ಕೊಂಡ್ಬಿಟ್ರೆ..." ಮುಂದೆ ಇನ್ನೂ ಏನೋ ಅಂದರು. ಆಗ ನಾನೇ ಮಾತಾಡುತ್ತಿದ್ದುದರಿಂದ ಕೇಳಿಸಲಿಲ್ಲ.

ಮೂಗಿನ ಕೆಲಸ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದೆ. ಕೈ ಇನ್ನೂ ಕಡಿಯುತ್ತಿತ್ತು. ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಹಿಂಚಕ್ರದ ಮೇಲೆ ಒಂದು ಗುಳಿ! ಅಷ್ಟು ಚಂದದ ಮೈಗೆ ಸಿಡುಬಿನ ಕಲೆ ಬಿದ್ದ ಹಾಗೆ. ಮಾವನ ಕಥೆ ನೆನಪಿಗೆ ಬರಲಿಲ್ಲ. ಬುರುಡೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನನ್ನವನ್ನೇ ನಾನು ಇಟ್ಟುಕೊಳ್ಳುವುದಿಲ್ಲ. ಸೊಪ್ಪು ಮಾರುವವಳೂ ಮೇಲೊಂದು ಹಿಡಿ ಕೊಸರು ಹಾಕುತ್ತಾಳೆ, ನಾನೇನು ಕಡಿಮೆ? ಗ್ಯಾಸಿನ ಉರಿಯಲ್ಲಿ ತಗಡನ್ನು ಮೆತ್ತಗೆ ಮಾಡಿ, ಒಳಗಿನಿಂದ ಕಬ್ಬಿಣದ ದಿಮ್ಮಿ ಒತ್ತಿ ಹಿಡಿದು, ಹೊರಗಿನಿಂದ ಕೊಡತಿಯಲ್ಲಿ ತಟ್ಟಿದೆ. ಗುಳಿ ಮಾಯ. ಬ್ರಹ್ಮ ಬಂದು ಹುಡುಕಿದರೂ ಸಿಗದ ಹಾಗೆ ಮಾಯ.

ಅಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ನೇರವಾಗಿ ಹಿಂಚಕ್ರದ ಹತ್ತಿರ ಹೋಗಿ ಸವರಿದಳು. ಇತ್ತ ಸವರಿದಳು, ಅತ್ತ ಸವರಿದಳು.

"ರೀ, ಇಲ್ಲೊಂದು ಗುಳಿ ಇತ್ತಲ್ಲ?"

"ಇತ್ತು. ತೆಗ್ದೆ. ಕೊಸರು."

"ಅದು ಅಪ್ಪನ ಕೈ ಕಣ್ರೀ."

ಒಳಗಿನ ಕೋಣೆಯಿಂದ ಮಾವ, "ಬರಬಹುದೇನಮ್ಮಾ?" ಎಂದು ಕೇಳುತ್ತಿದ್ದರು. ನಲವತ್ತು ವರ್ಷ ಅವರು ಕಾದದ್ದು ಕಾರಿಗಲ್ಲ, ಆ ಒಂದು ಗುಳಿಗೆ. ಕಣ್ಣಿಲ್ಲದವರಿಗೆ ಅದಿಲ್ಲದ ಕಾರು ಯಾವುದಾದರೇನು, ಬರಿ ತಗಡು.

ಆಗಲೇ ನೋಡಿ ಆ ಪವಾಡ ನಡೆದದ್ದು. ಕಾರು ಇಳಿಜಾರಿನಲ್ಲಿ ಜಾರಿತು. ಮುನ್ನೂರು ಮೈಲಿ ವೇಗ ಹಿಡಿಯಿತು. ನಾನು ಲೋಟ ಕೆಳಗಿಡದೆ, ಅಂಗೈ ಚಾಚಿ ನಿಲ್ಲಿಸಿದೆ. ಗುಳಿ ಇದ್ದ ಜಾಗದಲ್ಲೇ ಗುಳಿ ಬಿತ್ತು. ಸದ್ಯಕ್ಕೆ ಹಾಗೆಂದು ಇಟ್ಟುಕೊಳ್ಳಿ.

ಹೆಂಡತಿ ಅಪ್ಪನ ಕೈ ಹಿಡಿದು ಕರೆತಂದಳು. ಮಾವ ಮೂಗಿನಿಂದ ಶುರುಮಾಡಿದರು. ದೀಪದ ಗಾಜು, ಬಾಗಿಲಿನ ಅಂಚು, ಎಂಜಿನ್ನಿನ ಗಾಳಿಕಿಂಡಿಗಳು. ಬೆರಳುಗಳು ಅವಸರವಿಲ್ಲದೆ ಹಿಂದಕ್ಕೆ ಹೋದವು. ಎಡಗೈ ಗುಳಿಯೊಳಗೆ ಇಳಿದು ಅಲ್ಲೇ ನಿಂತಿತು.

"ಬಂದ್ಯಾ," ಎಂದರು. ಅಷ್ಟೇ.

ಹೆಂಡತಿ ಮುಖ ತಿರುಗಿಸಿ ಎಣ್ಣೆ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡಳು. ಕೆನ್ನೆಯೆಲ್ಲ ಕಪ್ಪಾಯಿತು. ಸಾಹುಕಾರರು ಕಾರು ಒಯ್ಯುವಾಗ ಮಾವ ಎರಡು ಸಲ ತಟ್ಟಿ, ಹೋಗಿ ಬಾ ಎಂದು ಕಳಿಸಿಕೊಟ್ಟರು.

ಪ್ರದರ್ಶನ ಶುರುವಾದಾಗ ಸಾಹುಕಾರರು ನಮ್ಮನ್ನೂ ಕರೆದರು. ಮಾವನನ್ನು ಹಗ್ಗದ ಪಕ್ಕ ಕುರ್ಚಿಯಲ್ಲಿ ಕೂರಿಸಿ, ಹೆಂಡತಿ ಬೇರೆ ಎಂಜಿನ್ನುಗಳನ್ನು ನೋಡಲು ಹೋದಳು. ಮಾವ ತೂಕಡಿಸುತ್ತಿದ್ದರು. ಸುತ್ತ ಜನ. ನನ್ನ ಬಾಯಿಗೆ ಬೀಗ ಯಾರು ಹಾಕಬೇಕು? ಮುನ್ನೂರು ಮೈಲಿಯನ್ನು ಬಿಚ್ಚಿದೆ.

ಟೋಪಿ ಹಾಕಿದವರೊಬ್ಬರು, "ಎದುರಿಗೆ ಬಂದ ಕಾರಿಗೆ ಗುಳಿ ಪಕ್ಕದಲ್ಲಿ ಹೇಗೆ ಬಿತ್ತು ಸ್ವಾಮಿ?" ಎಂದರು.

"ತಿರುವಿನಲ್ಲಿ ಬಂತು."

"ಗ್ಯಾರೇಜಿನೊಳಗೆ ತಿರುವಾ?"

"ನಮ್ಮದು ದೊಡ್ಡ ಗ್ಯಾರೇಜು."

"ಅಳಿಯಂದ್ರೇ," ಕುರ್ಚಿಯಿಂದ ದನಿ ಬಂತು. ಮಾವ ತೂಕಡಿಸುತ್ತಿರಲಿಲ್ಲ. "ನಿಲ್ಸಿದ ಕೈನ ಆ ಗುಳೀಲಿ ಇಡಿ ನೋಡೋಣ."

ಇಡದೆ ವಿಧಿಯಿರಲಿಲ್ಲ. ಹಗ್ಗದ ಮೇಲೆ ಬಗ್ಗಿ ಬಲಗೈ ಇಟ್ಟೆ. ಗುಳಿಯ ಹೆಬ್ಬೆಟ್ಟು ಒಂದು ಕಡೆ, ನನ್ನ ಹೆಬ್ಬೆಟ್ಟು ಇನ್ನೊಂದು ಕಡೆ. ಎಡಗೈ ಇಟ್ಟೆ. ಬೆರಳುಗಳು ದಡ ಮೀರಿ ಆಚೆ ಬಿದ್ದವು. ಟೋಪಿಯವರು ನಕ್ಕು, "ಆನೆ ಕಾಲಿಗೆ ಮಗುವಿನ ಚಪ್ಪಲಿ," ಎಂದರು. ಜನ ನಗುತ್ತ ಮುಂದಿನ ಕಾರಿಗೆ ಹೋದರು.

ಮಾವ ನಗಲಿಲ್ಲ. ಹತ್ತಿರ ಬಾ ಎಂಬಂತೆ ಬೆರಳಾಡಿಸಿದರು. ಹೋಗಿ ಪಕ್ಕದಲ್ಲಿ ಕುಕ್ಕರಿಸಿದೆ.

"ಅವತ್ತು ನಾನು ಕೈ ಇಟ್ಟಾಗ ಗುಳಿ ಬೆಚ್ಚಗಿತ್ತು," ಎಂದರು ಮೆಲ್ಲಗೆ. "ನಲವತ್ತು ವರ್ಷದ ಗುಳಿ ಬೆಚ್ಚಗಿರತ್ತಾ? ನನ್ನ ಕೈಗೆ ಚೂರು ಬಿಗಿ ಬೇರೆ. ಯಾರ ಕೈ ಅಂತ ಆಗಲೇ ಗೊತ್ತಾಯ್ತು. ಆ ಕೈ ಹಿಡ್ಕೊಂಡೇ ನಡಿಗೆ ಕಲ್ಸಿದೀನಿ. ಅದಕ್ಕೇ ನನ್ನ ಕೈ ಜಾಗಕ್ಕೆ ಬಂದವಳಿಗೆ ಬಂದ್ಯಾ ಅಂದೆ. ಕಾರಿಗೆ ಅಂದಿದ್ದು ಅಂದ್ಕೊಂಡ್ರಾ? ಇರ್ಲಿ. ಅದು ಹೇಗೆ ಬಿತ್ತು ಅನ್ನೋದೊಂದು ಗೊತ್ತಾಗಲಿಲ್ಲ. ನೀವು ನಿಜ ಹೇಳಿ ಅಭ್ಯಾಸ ಇಲ್ಲ, ಗೊತ್ತು. ಆದ್ರೂ ಹೇಳಿ."

ಆ ಮುಖದ ಮುಂದೆ ನನ್ನ ನಾಲಿಗೆ ಮೊದಲ ಸಲ ಬುರುಡೆಗೆ ತಿರುಗಲಿಲ್ಲ.

"ನಿಮ್ಮ ಗುಳಿನ ನಾನೇ ತೆಗ್ದೆ ಮಾವ. ನಿಮ್ಮ ಮಾತು ಬುರುಡೆ ಅಂದ್ಕೊಂಡಿದ್ದೆ," ಎಂದೆ. "ಕಾರು ಜಾರಲಿಲ್ಲ. ಇದ್ದಲ್ಲೇ ಇತ್ತು. ಕೈಯಲ್ಲಿ ಲೋಟಾನೂ ಇರಲಿಲ್ಲ. ತಗಡು ಇನ್ನೂ ಬಿಸಿಯಾಗಿ, ಮೆತ್ತಗಿತ್ತು. ನಾನು ಅದಕ್ಕೆ ಒರಗಿಕೊಂಡು ನಿಂತಿದ್ದೆ."

"ಮತ್ತೆ ಆ ಮುನ್ನೂರು ಮೈಲಿ?"

"ಅದು ಮಾತ್ರ ನಿಜ. ಕಾರಿನ ವೇಗ ಅಲ್ಲ, ನಿಮ್ಮ ಮಗಳ ಕೈಯದು. ಅದು ಬರ್ತಾ ಇದ್ದಿದ್ದು ನನ್ನ ಕೆನ್ನೆಗೆ, ಮಾವ. ನಾನು ಬಗ್ಗಿದೆ."